ಮಿಲ್ಲು ಕೂಗಿದಾಗ ಒಳಗಿದ್ದವರು

ನಿಮಗೆ ಯಾವತ್ತಾದರೂ ಹೀಗಾಗಿದೆಯಾ, ನಿಜ ಹೇಳಿ. ಯಾರದೋ ಜಾಗದೊಳಗೆ ಹೋಗಿ ನಿಂತಿರುತ್ತೀರಿ. ಗೇಟು ತೆರೆದೇ ಇತ್ತು, ಯಾರೂ ಬೇಡ ಅನ್ನಲಿಲ್ಲ, ಒಬ್ಬರಂತೂ ಬನ್ನಿ ಬನ್ನಿ ಅಂತ ಬಾಯಿ ತುಂಬಾ ಕರೆದೂ ಇದ್ದರು. ಇದ್ದಕ್ಕಿದ್ದಂತೆ ಇನ್ಯಾರೋ ಬಂದು ನಿಮ್ಮನ್ನು ಒಳಗೆ ಬಿಟ್ಟಿದ್ದು ಯಾರು ಅಂತ ಕೇಳುತ್ತಾರೆ. ಕರೆದ ಪುಣ್ಯಾತ್ಮ ಆಕಾಶ ನೋಡುತ್ತಾನೆ. ಆ ಗಳಿಗೆಯಲ್ಲಿ ನೀವು ನೆಂಟರೋ, ಕಳ್ಳರೋ? ನಾನು ಇನ್ನೂ ಲಂಗ ಹಾಕುತ್ತಿದ್ದ ವಯಸ್ಸಿನಲ್ಲಿ ಹೀಗಾಯಿತು. ಈಗ ಐವತ್ತು ದಾಟಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುತ್ತೇನೆ, ಉತ್ತರ ಮಾತ್ರ ಸಿಕ್ಕಿಲ್ಲ.

ಇದು ನೆನಪಾಗಿದ್ದಕ್ಕೆ ನನ್ನ ತಂಗಿಯ ಮಗ ಕಾರಣ. ಅವನಿಗೊಂದು ಹೊಸ ಹುಚ್ಚು. ಮುಚ್ಚಿಹೋದ ಟಾಕೀಸು, ಪಾಳು ಬಿದ್ದ ಫ್ಯಾಕ್ಟರಿ, ಬೀಗ ಜಡಿದ ಬಂಗಲೆ ಹುಡುಕಿಕೊಂಡು ಹೋಗುವುದು, ಒಳಗೆ ನುಗ್ಗಿ ವಿಡಿಯೊ ಮಾಡುವುದು. ಅದನ್ನು ನೋಡಲು ಜನ ಬೇರೆ ಇದ್ದಾರಂತೆ. ಮೊನ್ನೆ ಹಬ್ಬಕ್ಕೆ ಬಂದವನು ಊಟಕ್ಕೆ ಕುಳಿತಾಗ ಕೇಳಿದ:

“ದೊಡ್ಡಮ್ಮ, ಒಳಗಿರುವಾಗ ಅಲಾರಂ ಹೊಡ್ಕೊಂಡ್ರೆ ಓಡ್ಬೇಕೋ, ನಿಂತ್ಕೋಬೇಕೋ?”

“ನಿಂತ್ಕೋ. ಓಡಿದ್ರೆ ಕಳ್ಳ ಅಂತಾರೆ.”

“ನಿಂತ್ರೆ?”

ಸಾರಿನ ಸೌಟು ಹಿಡಿದುಕೊಂಡು ನಾನು ಹಾಗೇ ನಿಂತೆ. “ನಿಂತ್ರೆ ಏನಂತಾರೋ ನಂಗೂ ಗೊತ್ತಿಲ್ಲ ಕಣೋ.”

ಗೊತ್ತಿಲ್ಲದ್ದನ್ನು ಗೊತ್ತು ಮಾಡಿಕೊಳ್ಳೋಣ ಅಂತ ಮರುದಿನ ನಮ್ಮ ಬೀದಿಯ ವಕೀಲರನ್ನು ಹಿಡಿದೆ. ಪಾಪ, ಅವರು ಹಾಲು ತರಲು ಹೊರಟಿದ್ದರು. “ಉದ್ದೇಶ ಮುಖ್ಯ ಕಣಮ್ಮ” ಅಂದರು. ಬೇರೆಯವರ ಜಾಗಕ್ಕೆ ಅಪರಾಧ ಮಾಡಲೆಂದೋ, ಹೆದರಿಸಲೆಂದೋ, ಅವಮಾನ ಮಾಡಲೆಂದೋ, ಕಾಟ ಕೊಡಲೆಂದೋ ಹೋದರೆ ಅದು ಅತಿಕ್ರಮ ಪ್ರವೇಶವಂತೆ. ಸರಿಯಾಗಿ ಒಳಗೆ ಹೋಗಿ, ಆಮೇಲೆ ಅಂಥ ಉದ್ದೇಶದಿಂದ ಅಲ್ಲೇ ಉಳಿದರೂ ಅಷ್ಟೇ ಅಂತೆ.

“ಕುರಿ ಹೋಗಿದ್ರೆ?” ಅಂದೆ.

“ಕುರಿಗೆಲ್ಲ ಬೇರೆ ಕಾನೂನು.”

“ಒಳಗೆ ಹೋಗದೇನೇ ಒಳಗಿದ್ರೆ?”

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನನ್ನು ಒಂದು ಸಲ ನೋಡಿದರು. ಹಾಲಿನಂಗಡಿ ಮುಚ್ಚುತ್ತದೆ ಅಂತ ಹೊರಟುಬಿಟ್ಟರು. ಬೆಳಗಿನ ಹೊತ್ತಲ್ಲಿ ಹಾಲಿನಂಗಡಿ ಯಾಕೆ ಮುಚ್ಚುತ್ತದೆ? ಇರಲಿ.

ನಾವು ಚಿಕ್ಕವರಿದ್ದಾಗ ಊರಲ್ಲಿ ಗೋಡೆಗಳಿದ್ದವು, ಆದರೆ ಅವು ಹತ್ತಲಿಕ್ಕೆ ಇದ್ದವು. ಪಕ್ಕದ ಮನೆಯ ಹಿತ್ತಿಲಿಗೆ ಹೋಗಲು ಕರಿಬೇವು ಬೇಕು ಎಂಬ ನೆಪ ಸಾಕಿತ್ತು. ಚಿತ್ರದುರ್ಗಕ್ಕೆ ಹೋದರೆ ಕೋಟೆಯ ಯಾವ ಸಂದಿಯಲ್ಲಿ ಹೊಕ್ಕು ಯಾವ ಸಂದಿಯಲ್ಲಿ ಹೊರಗೆ ಬಂದೆವು ಅಂತ ನಮಗೇ ತಿಳಿಯುತ್ತಿರಲಿಲ್ಲ. ಅಡ್ಡಗಟ್ಟಿ ಕೇಳಿದವರಿಲ್ಲ. ಬೇರೆಯವರ ಜಾಗಕ್ಕೆ ನುಗ್ಗುವುದು ಅಂದರೆ ನಮ್ಮ ಕಡೆ ದನ ಮಾಡುವ ತಪ್ಪು, ಮನುಷ್ಯರದ್ದಲ್ಲ. ದನ ಕುರಿ ಯಾರದೋ ಹೊಲ ಮೇಯ್ದರೆ ಹೊಲದವರು ಅವನ್ನು ಊರ ದೊಡ್ಡಿಗೆ ಹೊಡೆದುಬಿಡುತ್ತಿದ್ದರು. ದೊಡ್ಡಿ ಅಂದರೆ ಪ್ರಾಣಿಗಳ ಜೈಲು. ಕಲ್ಲಿನ ಗೋಡೆ, ಒಂದು ಅಗಳಿ, ಕಾಯಲು ಒಬ್ಬ ಮನುಷ್ಯ. ದಂಡ ಕಟ್ಟಿ ಬಿಡಿಸಿಕೊಂಡು ಬರಬೇಕು, ಬರದಿದ್ದರೆ ಹರಾಜು. ಕಾನೂನು ಅಂದರೆ ನಮಗೆ ಗೊತ್ತಿದ್ದದ್ದು ಇಷ್ಟೇ.

ನಮ್ಮೂರು ಹೊಸದುರ್ಗ. ಊರಾಚೆ ಹೊಳಲ್ಕೆರೆ ರಸ್ತೆಯಲ್ಲಿ ಒಂದು ಹತ್ತಿ ಮಿಲ್ಲಿತ್ತು. ಹೊಲದಿಂದ ಬಂದ ಹತ್ತಿಯಿಂದ ಕಾಳು ಬೇರೆ, ಅರಳೆ ಬೇರೆ ಮಾಡುವ ಮಿಲ್ಲು. ನಮ್ಮವ್ವ ಹನುಮಕ್ಕ ಅಲ್ಲಿ ಕೆಲಸಕ್ಕಿದ್ದಳು. ಮಿಲ್ಲಿನ ಸೂರಿನ ಮೇಲೊಂದು ಸೈರನ್. ನಮ್ಮೂರಲ್ಲಿ ಅದನ್ನು ಯಾರೂ ಸೈರನ್ ಅನ್ನುತ್ತಿರಲಿಲ್ಲ, ‘ಮಿಲ್ ಕೂಗ್ತು’ ಅನ್ನುತ್ತಿದ್ದರು. ಮಿಲ್ ಕೂಗಿದಾಗ ಮಕ್ಕಳು ಸ್ಕೂಲಿಗೆ ಹೊರಡಬೇಕು, ಮಿಲ್ ಕೂಗಿದಾಗ ಎಸರಿಗೆ ಹಿಟ್ಟು ಹಾಕಬೇಕು. ಮನೆಯಲ್ಲಿ ಗಡಿಯಾರ ಇದ್ದವರೂ ಕೂಗು ಕೇಳಿ ಮುಳ್ಳು ತಿರುಗಿಸಿಕೊಳ್ಳುತ್ತಿದ್ದರು.

ಕೂಗಿಗೂ ಒಂದು ನಿಯಮವಿತ್ತು. ಉದ್ದಕ್ಕೆ ಒಂದೇ ಕೂಗು ಅಂದರೆ ಪಾಳಿ ಶುರು, ಇಲ್ಲವೇ ಪಾಳಿ ಮುಗೀತು. ಬಿಟ್ಟು ಬಿಟ್ಟು ಮೂರು ಸಲ ಕೂಗಿದರೆ ಬೆಂಕಿ, ಇಲ್ಲವೇ ಕಳ್ಳರು. ಬೆಂಕಿಯಾದರೆ ಊರವರೆಲ್ಲ ಕೊಡ ಹಿಡಿದು ಓಡಿ ಬರಬೇಕು. ಕಳ್ಳರಾದರೆ? ನಾವು ಓಡಿ ಬರಬೇಕೋ, ಕಳ್ಳರು ಓಡಿ ಹೋಗಲಿ ಅಂತ ಮನೆಯಲ್ಲೇ ಇರಬೇಕೋ, ಬೆಂಕಿಯೋ ಕಳ್ಳರೋ ಅಂತ ತಿಳಿಯುವುದು ಹೇಗೆ, ಇದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಬೆಂಕಿಯೂ ಬಿದ್ದಿರಲಿಲ್ಲ, ಕಳ್ಳರೂ ಬಂದಿರಲಿಲ್ಲ.

ಆಮೇಲೆ ಮಿಲ್ಲೇ ಮುಚ್ಚಿತು. ಮಿಲ್ಲಿನ ಯಜಮಾನರು ಅಣ್ಣ ತಮ್ಮ ಇಬ್ಬರು. ಅವರು ಜಗಳವಾಡಿಕೊಂಡು ಚಿತ್ರದುರ್ಗದ ಕೋರ್ಟಿಗೆ ಹೋದರು. ಕೋರ್ಟಿನವರು ಬಂದು ಬಾಗಿಲುಗಳಿಗೆ ಅರಗಿನ ಸೀಲು ಹಾಕಿದರು. ಕೆಲಸದವರಿಗೆ ‘ಹೇಳಿ ಕಳಿಸ್ತೀವಿ’ ಅಂದರು. ಹೇಳಿ ಕಳಿಸಲಿಲ್ಲ. ಒಳಗೆ ಉಳಿದದ್ದು ವಾಚ್‌ಮನ್ ಪರಮೇಶಣ್ಣ, ಅವನ ಗುಡಿಸಲಿಗೊಂದು ಕರೆಂಟಿನ ತಂತಿ, ಅದೇ ತಂತಿಯಲ್ಲಿ ಆ ಸೈರನ್. ಗೇಟಿಗೊಂದು ಬೋರ್ಡು: ಅಪ್ಪಣೆಯಿಲ್ಲದೆ ಒಳಗೆ ಬರಕೂಡದು. ಆಗಷ್ಟೇ ಒತ್ತಕ್ಷರ ಸರಾಗವಾಗಿ ಓದಲು ಕಲಿತಿದ್ದ ನಾನು ಆ ಬೋರ್ಡನ್ನು ಬೀದಿಗೆಲ್ಲ ಕೇಳುವ ಹಾಗೆ ಓದಿ ಒಳಗೆ ಹೋಗುತ್ತಿದ್ದೆ. ಓದಿದ್ದಕ್ಕೆ ಅಪ್ಪಣೆ ಸಿಕ್ಕ ಹಾಗೆ ಅಂತ ನನ್ನ ಲೆಕ್ಕ.

ಎಮರ್ಜೆನ್ಸಿ ಮುಗಿದ ಹೊಸದು. ಮುಗಿದಿದೆ ಅಂತ ರೇಡಿಯೊ ಇದ್ದವರಿಗೆ ಗೊತ್ತಿತ್ತು. ಉಳಿದವರು ಯಾವುದಕ್ಕೂ ಇರಲಿ ಅಂತ ಹೆದರಿಕೊಂಡೇ ಇದ್ದರು. ಖಾಕಿ ಬಟ್ಟೆಯ ಪೋಸ್ಟ್‌ಮನ್ ಬಂದರೂ, ಮಕ್ಕಳಾಗದ ಆಪರೇಷನ್ನಿಗೆ ಹಿಡಿಯಲು ಬಂದರು ಅಂತ ಗಂಡಸರು ಹಿತ್ತಿಲ ಬಾಗಿಲಿಂದ ಜಾರುತ್ತಿದ್ದ ಕಾಲ.

ಅಂಥ ದಿನಗಳಲ್ಲಿ ಅವ್ವನ ತಮ್ಮ, ನನ್ನ ತಿಪ್ಪೇಶ್ ಮಾವ, ಮಂದೆ ಹೊಡೆದುಕೊಂಡು ನಮ್ಮೂರ ಕಡೆ ಬಂದ. ಅವ್ವನ ತವರು ಹಿರೇಗುಂಟನೂರಿನ ಕಡೆ. ತಲೆತಲಾಂತರದಿಂದ ಕುರಿ ಸಾಕಿದವರು. ಸುಗ್ಗಿ ಮುಗಿದ ಮೇಲೆ ರೈತರು ಕುರಿಯವರನ್ನು ಕರೆದು ತಮ್ಮ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ರಾತ್ರಿಯೆಲ್ಲ ಕುರಿ ಅಲ್ಲೇ ಮಲಗುತ್ತವೆ, ಹಿಕ್ಕೆ ಗಂಜಳ ಹೊಲಕ್ಕೆ ಗೊಬ್ಬರವಾಗುತ್ತದೆ. ಕುರಿಯವನಿಗೆ ಹೊಲದವರ ಮನೆಯ ಮುದ್ದೆ, ಜೊತೆಗೆ ಒಂದಿಷ್ಟು ರಾಗಿ. ಇದರಲ್ಲಿ ಕರಾರು ಪತ್ರ ಗಿತ್ರ ಇಲ್ಲ. ಕರೆದವನ ಮನೆಯ ಮುದ್ದೆ ಉಂಡರೆ ಮುಗೀತು, ಆ ಹೊಲದಲ್ಲಿ ಮಂದೆಯನ್ನು ಯಾರೂ ಏಳಿಸುವಂತಿಲ್ಲ.

ಶ್ರೀರಾಂಪುರದ ಹತ್ತಿರ ಒಬ್ಬ ರೈತ ಮಾವನನ್ನು ಕರೆದಿದ್ದ. ಮಾವ ಹೋಗಿ ನೋಡಿದರೆ ಅಲ್ಲಿ ಆಗಲೇ ಬೇರೆ ಯಾರದೋ ಮಂದೆ ನಿಂತಿದೆ. ಮಾವನ ಕುರಿಗಳಲ್ಲಿ ಸುಮಾರು ಗಬ್ಬದವು, ಇವತ್ತೋ ನಾಳೆಯೋ ಈಯುವಂಥವು. ಅವನ್ನು ನಡೆಸಿಕೊಂಡು ಬಯಲಲ್ಲಿ ಅಲೆಯುವ ಹಾಗಿಲ್ಲ. ಹಿಂದಿನ ವರ್ಷ ಯಾರದೋ ಹುರುಳಿ ಹೊಲಕ್ಕೆ ನುಗ್ಗಿದವೆಂದು ಅವನ ಮಂದೆಯನ್ನು ದೊಡ್ಡಿಗೆ ಹೊಡೆದಿದ್ದರು. ಅಲ್ಲಿ ಎಮ್ಮೆ ಎತ್ತುಗಳ ಕಾಲಡಿ ಸಿಕ್ಕಿ, ಆಗಷ್ಟೇ ಹುಟ್ಟಿದ ಮರಿಗಳು ಸತ್ತಿದ್ದವು. ಆ ಮಾತು ಬಂದರೆ ಮಾವ ಊಟ ಬಿಟ್ಟು ಏಳುತ್ತಿದ್ದ. ದೊಡ್ಡಿ ಅನ್ನುವ ಪದವನ್ನೇ ಅವನ ಮುಂದೆ ಎತ್ತುವಂತಿರಲಿಲ್ಲ.

ಸುದ್ದಿ ಪರಮೇಶಣ್ಣನ ಕಿವಿಗೆ ಬಿತ್ತು. ಅವನಿಗೆ ಮಿಲ್ಲಿನ ಹಿಂದೆಯೇ ಒಂದು ತುಂಡು ಹೊಲವಿತ್ತು.

“ಹನುಮಕ್ಕ, ನಿನ್ನ ತಮ್ಮುನ್ನ ನಮ್ಮ ಮಿಲ್ ಅಂಗಳಕ್ಕೆ ಹೊಡ್ಕಂಡ್ ಬಾ ಅನ್ನು. ಸುತ್ತ ಗೋಡೆ ಐತೆ, ತೋಳದ ಕಾಟ ಇಲ್ಲ. ನೀರಿನ ತೊಟ್ಟಿ ಐತೆ. ಹಿಕ್ಕೆ ಬಳಿದು ನನ್ ಹೊಲಕ್ಕೆ ಹಾಕ್ಕಂತೀನಿ. ಮುದ್ದೆ ನಮ್ಮನೇದು.”

“ಕೋರ್ಟಿನೋರು ಸೀಲ್ ಹಾಕ್ಯಾರಲ್ಲಣ್ಣ?”

“ಸೀಲ್ ಹಾಕಿರೋದು ಬಾಗ್ಲಿಗೆ ಕಣವ್ವ. ಅಂಗಳಕ್ಕೆ ಎಲ್ಲಿ ಹಾಕ್ತಾರೆ? ಆಕಾಶಕ್ಕೆ ಅರಗು ಹಚ್ತಾರಾ?”

ಅವ್ವನಿಗೂ ಸರಿ ಅನ್ನಿಸಿತು. ಮಾವ ಬಂದ, ಪರಮೇಶಣ್ಣನ ಮನೆಯ ಮುದ್ದೆ ಉಂಡ, ಮಂದೆ ನಿಂತಿತು. ಮಿಲ್ಲೂ ಒಂದು ಹೊಲವೇ ಆಗಿಹೋಯಿತು. ಇದರಲ್ಲಿ ತಪ್ಪು ಹುಡುಕುವ ಮನುಷ್ಯ ನಮ್ಮ ಬೀದಿಯಲ್ಲಂತೂ ಇರಲಿಲ್ಲ.

ನನಗೆ ಮಾತ್ರ ಸ್ವರ್ಗ. ಮಾವನಿಗೆ ಬೆಳಗಿನ ರೊಟ್ಟಿ ಕೊಡುವ ನೆಪದಲ್ಲಿ ಹೋಗಿ, ಹಿಂದಿನ ತಗಡು ಕಿತ್ತುಹೋದ ಜಾಗದಲ್ಲಿ ನುಸುಳಿ ಮಿಲ್ಲಿನ ಒಳಗೆಲ್ಲ ತಿರುಗುತ್ತಿದ್ದೆ. ಸಾಲು ಸಾಲು ಮಿಷನ್ನು. ಜೇಡರ ಬಲೆಗೆ ಹತ್ತಿಯ ಎಳೆ ಅಂಟಿ ಅಂಟಿ ಪರದೆಯ ಹಾಗೆ ದಪ್ಪಗಾಗಿತ್ತು. ನೂಕಿದರೆ ಮುಖಕ್ಕೆ ಮೆತ್ತಗೆ ಅಂಟಿಕೊಂಡು ಸೀನು ಬರುತ್ತಿತ್ತು. ಮಿಲ್ಲಿಗೂ ಅಂಗಳಕ್ಕೂ ನಡುವೆ ಹತ್ತಿಕಾಳಿನ ಗೋಡೌನು. ಅದರ ಗೋಡೆಯೊಂದು ಮಳೆಗೆ ಕುಸಿದಿತ್ತು. ಚೆಲ್ಲಿದ ಕಾಳು ಮೊಳೆತು, ನೆಲದ ಬಿರುಕಿನಿಂದ ಹತ್ತಿ ಗಿಡಗಳು ಎದ್ದಿದ್ದವು. ಯಾರೂ ಬಿತ್ತದೆ, ಯಾರೂ ನೀರು ಹಾಕದೆ ಒಂದೆರಡು ಕಾಯಿ ಒಡೆದು ಹತ್ತಿಯನ್ನೂ ಬಿಟ್ಟಿದ್ದವು. ಮಾವನ ಕುರಿಗಳು ಅದಕ್ಕೂ ಬಾಯಿ ಹಾಕಿದವು ಅನ್ನಿ.

ಒಂದು ಬೆಳಿಗ್ಗೆ ಹೀಗೇ ರೊಟ್ಟಿ ಕೊಟ್ಟು ನಿಂತಿದ್ದೆ. ಗೇಟಿನಲ್ಲಿ ಕೊಡೆ ಹಿಡಿದ ಒಬ್ಬರು, ಹಿಂದೆ ಪಟ್ಟಿ ಹಾಕಿಕೊಂಡ ಜವಾನ. ಕೋರ್ಟಿನ ಅಮೀನರು. ಅಂದರೆ ಕೋರ್ಟು ಹೇಳಿದ್ದನ್ನು ಜಾರಿ ಮಾಡುವವರು. ಸೀಲುಗಳು ಸರಿಯಾಗಿವೆಯೇ ನೋಡಲು ಚಿತ್ರದುರ್ಗದಿಂದ ಮೊದಲ ಬಸ್ಸಿಗೆ ಬಂದಿದ್ದರು. ಕೆಟ್ಟ ಮನುಷ್ಯರಲ್ಲ. ಅಂಗಳದ ತುಂಬ ಕುರಿ ನೋಡಿ ಅವರಿಗೆ ಸಿಟ್ಟಿಗಿಂತ ಗಾಬರಿಯೇ ಹೆಚ್ಚಾದಂತೆ ಕಂಡಿತು.

“ಏನ್ರಿ ಇದು?”

“ಕುರಿ ಸಾರ್,” ಅಂದ ಪರಮೇಶಣ್ಣ.

“ಕುರಿ ಅಂತ ನನಗೂ ಕಾಣುತ್ತೆ. ಇಲ್ಲಿಗೆ ಹೇಗೆ ಬಂದ್ವು?”

“ಅವೇ ಬಂದ್ವು ಸಾರ್.”

“ಅವೇ ಬಂದು ಗೇಟಿನ ಬೀಗ ತೆಗೆದ್ವಾ?”

ಪರಮೇಶಣ್ಣ ಆಕಾಶ ನೋಡಿದ. ಮಾವ ಬೀಡಿ ಎಸೆದು ಮುಂದೆ ಬಂದ.

“ಪರಮೇಶಣ್ಣ, ನೀನೇ ಕರೆದೀಯ. ನಿಮ್ಮನೆ ಮುದ್ದೆ ಉಂಡೀನಿ.”

“ಯಾವ ಮುದ್ದೆನಪ್ಪ? ನಾನ್ಯಾಕೆ ಕರೀಲಿ?”

ಆ ಕೆಲಸ ಹೋದರೆ ಪರಮೇಶಣ್ಣನಿಗೆ ಗುಡಿಸಲೂ ಇಲ್ಲ. ಆದರೂ ಮಾವ ಕಪಾಳಕ್ಕೆ ಹೊಡೆಸಿಕೊಂಡವನ ಹಾಗೆ ನಿಂತುಬಿಟ್ಟ. ಮುದ್ದೆ ಉಣ್ಣಿಸಿ ಇಲ್ಲ ಅಂದವರನ್ನು ಅವನು ಅದೇ ಮೊದಲು ನೋಡಿದ್ದು.

ಅಮೀನರು ನನ್ನ ಕಡೆ ಕೊಡೆ ತೋರಿಸಿದರು. “ಈ ಹುಡುಗಿ?”

“ಅದೂ ಬಂತು ಸಾರ್.”

‘ಅದು’ ಅಂದನಲ್ಲ ಅಂತ ನನಗೆ ಆ ಗಡಿಬಿಡಿಯಲ್ಲೂ ಬೇಜಾರಾಯಿತು.

“ಹೊರಗಿನವರು ಒಳಗೆ ಬಂದ್ರೆ ನೀನು ಏನು ಮಾಡ್ಬೇಕು ಅಂತ ಹೇಳಿದ್ದಾರೆ?”

“ಸೈರನ್ ಹಾಕ್ಬೇಕು ಸಾರ್. ಬಿಟ್ಟು ಬಿಟ್ಟು ಮೂರು ಸಲ.”

“ಯಾಕೆ ಹಾಕಿಲ್ಲ?”

“ಹಾಕ್ಲಾ ಸಾರ್?”

ಅಮೀನರು ಒಂದು ಗಳಿಗೆ ಯೋಚಿಸಿದರು. “ಹಾಕು. ಎಲ್ಲ ನಿಯಮದ ಪ್ರಕಾರ ಆಯ್ತು ಅಂತಾದ್ರೂ ಆಗ್ಲಿ.” ಜವಾನನಿಗೆ ಹೇಳಿದರು, “ನೀನು ಹೋಗಿ ದೊಡ್ಡಿಯವನನ್ನ ಕರ್ಕೊಂಡು ಬಾ. ಇವನ್ನೆಲ್ಲ ದೊಡ್ಡಿಗೆ ಹೊಡೀಲಿ.”

ಮಾವ ಹೋಗಿ ಗಬ್ಬದ ಕುರಿಗಳ ನಡುವೆ ಕುಳಿತ.

ಪರಮೇಶಣ್ಣ ಸ್ವಿಚ್ಚು ಒತ್ತಿದ. ಬಿಟ್ಟು ಬಿಟ್ಟೇ ಒತ್ತಿದ, ಅದಕ್ಕೆ ನಾನೇ ಸಾಕ್ಷಿ. ಆದರೆ ಅಷ್ಟು ಕಾಲ ಸುಮ್ಮನಿದ್ದ ಸೈರನ್ನಿಗೆ ನಿಲ್ಲುವುದು ಮರೆತುಹೋಗಿತ್ತು. ಮೊದಲನೇ ಕೂಗು ಇಳಿಯುವುದರೊಳಗೆ ಎರಡನೆಯದು ಹತ್ತಿಕೊಂಡಿತು, ಎರಡನೆಯದರ ಬಾಲಕ್ಕೆ ಮೂರನೆಯದು. ಮೂರೂ ಸೇರಿ ಉದ್ದಕ್ಕೆ ಒಂದೇ ಕೂಗಾಗಿ ಊರ ಮೇಲೆ ಹಾದುಹೋಯಿತು. ಹೊತ್ತೂ ಹಾಗೇ ಇತ್ತು. ಬೆಳಗಿನ ಪಾಳಿಯ ಹೊತ್ತು.

ಸ್ವಲ್ಪ ಹೊತ್ತು ಕುರಿಗಳ ಅರಚಾಟ ಬಿಟ್ಟು ಬೇರೇನೂ ಇಲ್ಲ. ಆಮೇಲೆ ರಸ್ತೆಯ ಕಡೆಯಿಂದ ಸದ್ದು. ಬಗ್ಗಿ ನೋಡಿದರೆ ಹೆಂಗಸರು. ಓಡಿ ಬರುತ್ತಿದ್ದಾರೆ. ಕಂಕುಳಲ್ಲಿ ಬುತ್ತಿ ಗಂಟು, ತಲೆಗೆ ಬಟ್ಟೆ, ಹತ್ತಿ ಧೂಳು ಹೋಗದಂತೆ ಮೂಗು ಬಾಯಿಗೆ ಸುತ್ತುವ ಬಟ್ಟೆ. ಹಿಂದೆ ಗಂಡಸರು. ಒಬ್ಬನ ಮುಖದಲ್ಲಿ ಅರ್ಧ ಗಡ್ಡಕ್ಕೆ ಇನ್ನೂ ಸೋಪು. ಗೇಟು ತೆರೆದೇ ಇತ್ತು. ಯಾರೂ ಏನೂ ಕೇಳಲಿಲ್ಲ. ಬಂದವರೇ ಕುರಿಗಳ ನಡುವೆ ಜಾಗ ಮಾಡಿಕೊಂಡು, ಹಿಂದೆ ನಿಲ್ಲುತ್ತಿದ್ದ ಹಾಗೆಯೇ ಸಾಲಾಗಿ ನಿಂತರು.

ಅವರಲ್ಲಿ ಅವ್ವನೂ ಇದ್ದಳು. ಮಿಲ್ಲಲ್ಲಿ ಯಾರಿದ್ದಾರೆ ಅಂತ ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ತಮ್ಮನನ್ನು ಅಲ್ಲಿ ಇಳಿಸಿದವಳೇ ಅವಳು, ರೊಟ್ಟಿ ಕೊಟ್ಟು ನನ್ನನ್ನು ಕಳಿಸಿದವಳೂ ಅವಳೇ. ನಾನು ಹೋಗಿ ಸೆರಗು ಜಗ್ಗಿದೆ.

“ಅವ್ವಾ, ನೀನ್ಯಾಕೆ ಬಂದೆ?”

ಬಾಯಿಯ ಬಟ್ಟೆ ಕೆಳಗೆಳೆದು, ನಾನು ಕೇಳಬಾರದ್ದು ಕೇಳಿದೆನೇನೋ ಎಂಬಂತೆ ನೋಡಿದಳು.

“ಮಿಲ್ ಕೂಗ್ತಲ್ಲೇ.”

ಅಮೀನರ ಕೊಡೆ ಕೆಳಗೆ ಬಿದ್ದಿತ್ತು. “ಇವರೆಲ್ಲ ಯಾರಯ್ಯ?”

“ಕೆಲಸದೋರು ಸಾರ್.”

“ಕೆಲಸ ಎಲ್ಲಿದೆ?”

“ಇಲ್ಲ ಸಾರ್.”

“ಹಾಗಾದ್ರೆ ಇವರೂ ಹೊರಗಿನವರೇ.”

“ಹೊರಗಿನೋರೇ ಸಾರ್. ಅಂದ್ರೆ ಒಳಗಿನೋರೇ. ಈಗ ಹೊರಗಿನೋರು.”

“ಹೊರಗಿನವರು ಒಳಗೆ ಬಂದ್ರೆ...”

“ಸೈರನ್ ಹಾಕ್ಬೇಕು ಸಾರ್. ಹಾಕ್ಲಾ?”

“ಬೇಡಪ್ಪಾ! ಅದನ್ನ ಮುಟ್ಟಬೇಡ!”

ಅಷ್ಟರಲ್ಲಿ ದೊಡ್ಡಿ ಕಾಯುವ ಓಬಣ್ಣನನ್ನು ಜವಾನ ಎಳೆದುಕೊಂಡು ಬಂದ. ಓಬಣ್ಣ ಕುರಿಗಳನ್ನು ನೋಡಿ ಮುಖ ಗಂಟು ಹಾಕಿದ.

“ಯಾವ ಬೆಳೆ ಮೇಯ್ದಾವೆ?”

ಅಮೀನರು ಸುತ್ತ ನೋಡಿ ಗೋಡೌನಿನ ಹತ್ತಿ ಗಿಡ ತೋರಿಸಿದರು.

“ಬಿತ್ತಿದೋರು ಯಾರು?”

“ಯಾರೂ ಬಿತ್ತಿಲ್ಲ. ತಾನೇ ಹುಟ್ಟಿದೆ.”

“ಬಿತ್ತಿದೋರು ಇಲ್ದಿದ್ರೆ ದೂರು ಕೊಡೋರು ಯಾರು ಸಾಮಿ? ದೂರಿಲ್ದೆ ನಾನು ದೊಡ್ಡಿಗೆ ಹೊಡಿಯಂಗಿಲ್ಲ.”

ಹೀಗೊಂದು ಕಾನೂನು ಇದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಓಬಣ್ಣನಿಗೂ ಗೊತ್ತಿತ್ತು ಅಂತ ಅನ್ನಿಸುವುದಿಲ್ಲ. ಅವನ ದೊಡ್ಡಿ ಆಗಲೇ ಎಮ್ಮೆಗಳಿಂದ ತುಂಬಿತ್ತು, ಇವಕ್ಕೆ ಮೇವು ಹಾಕುವವರು ಯಾರು ಎಂಬುದು ಅವನ ಚಿಂತೆ. ಅಮೀನರು ಬಿಡಲಿಲ್ಲ. ಇದು ಕೋರ್ಟಿನ ವಶದ ಜಾಗ, ದೂರು ನನ್ನದೇ ಅಂದುಕೋ, ಹೊಡಿ ಅಂದರು. ಓಬಣ್ಣ ಗೊಣಗುತ್ತಾ ಕೋಲೆತ್ತಿದ. ಮಾವ ಎದ್ದು ಮಂದೆಗೆ ಅಡ್ಡ ನಿಂತ.

“ಗಬ್ಬದ ಕುರಿ ಅವೆ ಸಾಮಿ. ನನ್ನ ಬೇಕಾದ್ರೆ ದೊಡ್ಡಿಗೆ ಹಾಕ್ರಿ. ಇವನ್ನ ಬ್ಯಾಡ. ಎಮ್ಮೆ ಕಾಲಾಗೆ ಮರಿ ಉಳಿಯಾಕಿಲ್ಲ.”

“ಮನುಷ್ಯರನ್ನ ದೊಡ್ಡಿಗೆ ಹಾಕೋಕೆ ಬರಲ್ಲಪ್ಪ,” ಅಂದರು ಅಮೀನರು. ನಿಜವಾಗಿಯೂ ಬೇಸರದಿಂದಲೇ ಅಂದರು. ಆಮೇಲೆ ಸಾಲಿನ ಕಡೆ ತಿರುಗಿ, “ನೀವೆಲ್ಲ ಹೊರಡಿ. ಮಿಲ್ಲು ಶುರುವಾಗಿಲ್ಲ. ತಪ್ಪಾಗಿ ಕೂಗಿದ್ದು” ಅಂದರು.

ಯಾರೂ ಅಲ್ಲಾಡಲಿಲ್ಲ. ಹಟದಿಂದಲ್ಲ, ಹೆದರಿಕೆಯಿಂದ. ಪಾಳಿಯ ಕೂಗು ಆದ ಮೇಲೆ ಬಿಡುವ ಕೂಗು ಆಗುವ ತನಕ ಗೇಟು ದಾಟಿದರೆ ಹೆಸರು ಹೊಡೆದುಹಾಕುತ್ತಿದ್ದರು. ಮುಚ್ಚಿದ ಮಿಲ್ಲು ಅಂತ ಎಲ್ಲರಿಗೂ ಕಾಣುತ್ತಿತ್ತು. ಆದರೂ ನಾಳೆ ಅಣ್ಣ ತಮ್ಮ ರಾಜಿಯಾಗಿ ಬಾಗಿಲು ತೆರೆದಾಗ, ಆವತ್ತು ನಡುವೆ ಎದ್ದು ಹೋದವಳು ಇವಳೇ ಅಂದುಬಿಟ್ಟರೆ?

ಅವ್ವ ಆಗ ತಮ್ಮನನ್ನು ನೋಡಿದಳು ಅಂತ ಕಾಣುತ್ತದೆ. ಅವನ ಮುಖ ನೋಡಿದ ಮೇಲೆ ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು.

“ಸಾಮಿ, ಬಿಡೋ ಕೂಗು ಹಾಕ್ಸಿ. ನಾವು ಹೋಗ್ತೀವಿ. ಗೇಟು ದಾಟೋವಾಗ ಕುರೀನೂ ನಮ್ ಜೊತೆ ಹೋಗ್ಲಿ. ಒಳಗಿರೋರು ಹೊರಗೆ ಹೋದ್ರೆ ಸಾಕಲ್ಲ ನಿಮ್ಗೆ?”

ಅಮೀನರು ಜನರನ್ನು ನೋಡಿದರು, ಕುರಿಗಳನ್ನು ನೋಡಿದರು, ಒಬ್ಬನೇ ಒಬ್ಬ ಜವಾನನನ್ನು ನೋಡಿದರು. “ಆಯ್ತು. ಎಲ್ಲ ಹೊರಗೆ ಹೋದ್ರೆ ಸಾಕು” ಅಂದರು. ಓಬಣ್ಣ ಮೊದಲು ಹೊರಟೇಹೋದ. ಮಾವ ಅಕ್ಕನಿಗೆ ಕೈ ಮುಗಿಯಲು ಹೋಗಿ ಅರ್ಧದಲ್ಲೇ ನಿಲ್ಲಿಸಿದ. ಗೋಡೌನಿನಿಂದ ಒಂದು ಕುರಿ ಬೇರೆ ಥರ ಕೂಗಿತು.

ಮಾವ ಓಡಿದ. ತಿರುಗಿ ಬಂದಾಗ ಅವನ ಎರಡು ಕೈಯಲ್ಲಿ ಒದ್ದೆ ಒದ್ದೆ ಮರಿ. ಮೈಗೆಲ್ಲ ಹತ್ತಿಯ ಎಳೆ ಮೆತ್ತಿಕೊಂಡು ಬಿಳೀ ಉಂಡೆಯ ಹಾಗಿತ್ತು. ಹಿಂದೆಯೇ ತಾಯಿ.

“ನಿಲ್ಲು,” ಅಂದರು ಅಮೀನರು. “ಅದೆಲ್ಲಿಂದ ಬಂತು?”

“ಈಗ ಈತು ಸಾಮಿ.”

“ಎಲ್ಲಿ?”

“ಕಾಳಿನ ಗೋಡೌನಾಗೆ.”

ಅಮೀನರ ಮುಖ ಬಾಡಿತು. “ಹಾಗಾದ್ರೆ ಇದು ಹೊರಗಿನಿಂದ ಬಂದಿದ್ದಲ್ಲ.”

“ಇಲ್ಲ ಸಾಮಿ.”

“ಒಳಗಿರೋ ಯಾವುದನ್ನೂ ಹೊರಗೆ ಬಿಡಬಾರದು ಅಂತ ಆರ್ಡರ್ ಇದೆಯಲ್ಲಪ್ಪ.” ತಮಾಷೆ ಮಾಡುತ್ತಿರಲಿಲ್ಲ ಅವರು. ಹಿಂದಿನ ಸಲ ಒಂದು ತೂಕದ ಕಲ್ಲು ಕಾಣಲಿಲ್ಲ ಅಂತ ಆ ಅಣ್ಣ ತಮ್ಮ ಇಬ್ಬರೂ ಸೇರಿ ಇವರ ಮೇಲೆ ಬಿದ್ದಿದ್ದರಂತೆ. ಇಬ್ಬರೂ ಸೇರಿ ಮಾಡಿದ ಕೆಲಸ ಅದೊಂದೇ ಇರಬೇಕು. “ಮರಿ ಇಲ್ಲೇ ಇರಲಿ. ನಾನು ದುರ್ಗಕ್ಕೆ ಹೋಗಿ ಕೇಳಿ ಹೇಳ್ತೀನಿ.”

“ನೀವು ಕೇಳ್ಕಂಡು ಬರೋದ್ರಾಗೆ ಸಾಯ್ತೈತೆ. ಹಾಲು ಬ್ಯಾಡ್ವಾ?”

“ತಾಯೀನೂ ಇರಲಿ.”

“ತಾಯಿ ಹೊರಗಿಂದು ಸಾಮಿ. ಅದು ಒಳಗೆ ಇರಂಗಿಲ್ಲ ಅಂತ ನೀವೇ ಅಂದ್ರಿ.”

ಅಮೀನರು ಆಫೀಸಿನ ಮೆಟ್ಟಿಲ ಮೇಲೆ ಕುಳಿತು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಹುಟ್ಟಿ ಇನ್ನೂ ಕಾಲ ಮೇಲೆ ಸರಿಯಾಗಿ ನಿಲ್ಲದ ಒಂದು ಮರಿ, ಒಂದು ಕಡೆ ಆರ್ಡರು, ಇನ್ನೊಂದು ಕಡೆ ನಿಯಮ. ಕೊನೆಗೆ, “ಕೂಗಿಸು. ಎಲ್ಲ ಹೋಗ್ಲಿ. ಮರಿ ಇಲ್ಲಿ ಬಿಡು” ಅಂದರು.

ಮಾವ ಮರಿಯನ್ನು ನೆಲಕ್ಕಿಟ್ಟ.

ಸೈರನ್ ಮತ್ತೆ ಉದ್ದಕ್ಕೆ ಕೂಗಿತು. ಸಾಲು ಗೇಟಿನ ಕಡೆ ತಿರುಗಿತು. ಮಿಲ್ಲಿನಲ್ಲಿ ಇನ್ನೊಂದು ಪದ್ಧತಿಯಿತ್ತು. ಹೊರಗೆ ಹೋಗುವಾಗ ಯಾರೂ ಅರಳೆ ಕದ್ದುಕೊಂಡು ಹೋಗದಂತೆ ವಾಚ್‌ಮನ್ ಪ್ರತಿಯೊಬ್ಬರ ಬುತ್ತಿ ಗಂಟನ್ನೂ ಅಮುಕಿ ನೋಡಬೇಕು. ಪರಮೇಶಣ್ಣನ ಕೈಗೆ ಯಾರೂ ಹೇಳಬೇಕಾಗಲಿಲ್ಲ. ಗೇಟಿನ ಪಕ್ಕ ನಿಂತ, ಅಮುಕತೊಡಗಿದ. ಹೆಂಗಸರು ಗಂಟು ಮುಂದೆ ಹಿಡಿದು ದಾಟತೊಡಗಿದರು. ನಡುನಡುವೆ ಕುರಿಗಳು. ಒಂದು ಕುರಿಯ ಬೆನ್ನ ಮೇಲೆ ಹತ್ತಿ ಎಳೆ ಕಂಡಿತೆಂದು ಅವನು ಅದನ್ನೂ ಕಿತ್ತು ಗೇಟಿನ ಒಳಗೆ ಹಾಕಿದ. ಅಮೀನರು ಬಂದು ಅವನ ಪಕ್ಕದಲ್ಲೇ ನಿಂತರು.

ನಾನು ಅವ್ವನ ಹಿಂದೆ ಇದ್ದೆ. ಅವಳ ಗಂಟು ಬರುವಾಗ ಇದ್ದದ್ದಕ್ಕಿಂತ ದೊಡ್ಡದಾಗಿತ್ತು. ಮೂಗಿಗೆ ಕಟ್ಟುವ ಬಟ್ಟೆಯೂ ತಲೆಯ ಬಟ್ಟೆಯೂ ಆ ಗಂಟಿಗೆ ಸುತ್ತಿತ್ತು. ಬುತ್ತಿಯ ರೊಟ್ಟಿ ಮಾವನ ಹೆಗಲ ಚೀಲ ಸೇರಿತ್ತು. ಯಾವಾಗ, ಹೇಗೆ, ನಾನು ನೋಡಲಿಲ್ಲ. ಆ ತಾಯಿಕುರಿ ಮಾತ್ರ ನೋಡಿತ್ತು. ಅವ್ವನ ಕಂಕುಳಿಗೇ ಮೂತಿ ತೂರಿಸುತ್ತಾ ಬರುತ್ತಿತ್ತು. ನಾನು ಕಾಲಿನಿಂದ ಎಷ್ಟು ದೂಡಿದರೂ ಬಿಡಲಿಲ್ಲ.

ಅವ್ವ ಗಂಟು ಮುಂದೆ ಹಿಡಿದಳು. ಪರಮೇಶಣ್ಣನ ಕೈ ಅದರ ಮೇಲೆ ಬಂತು, ನಿಂತಿತು. ಗಂಟು ಮಿಸುಕಿತು. ಅವನು ಅವ್ವನ ಮುಖ ನೋಡಿದ, ಆಮೇಲೆ ಗೇಟಿನಾಚೆ ಮಂದೆ ಕೂಡಿಸುತ್ತಿದ್ದ ಮಾವನನ್ನು ನೋಡಿದ.

“ಏನದು?” ಅಂದರು ಅಮೀನರು.

“ಬುತ್ತಿ ಸಾರ್,” ಅಂದ ಪರಮೇಶಣ್ಣ. “ಇನ್ನೂ ಬಿಸಿ ಐತೆ.”

ಅಮೀನರು ಗಂಟನ್ನು ನೋಡಿದರು. ಅದನ್ನೇ ಮೂಸುತ್ತಿದ್ದ ಕುರಿಯನ್ನೂ ನೋಡಿದರು, ಅದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ತಲೆಯೆತ್ತಿ, ಇನ್ನೂ ಸಣ್ಣಗೆ ನರಳುತ್ತಿದ್ದ ಸೈರನ್ನಿನ ಕಡೆ ತಿರುಗಿ, “ಇದು ಯಾವಾಗ ನಿಲ್ಲುತ್ತಯ್ಯ?” ಅಂತ ಕೇಳಿದರು.

ಗೇಟು ದಾಟಿ ಬೇಲಿಯ ಮರೆಯಲ್ಲಿ ಅವ್ವ ಗಂಟು ಬಿಚ್ಚಿದಳು. ಮರಿ ಎದ್ದು, ಬಿದ್ದು, ಮತ್ತೆ ಎದ್ದು ತಾಯಿಯ ಕೆಚ್ಚಲು ಹುಡುಕಿಕೊಂಡಿತು. ಮಾವ ಮಂದೆ ಹೊಡೆದುಕೊಂಡು ಹೊರಟ. ಪರಮೇಶಣ್ಣನ ಕಡೆ ಅವನು ತಿರುಗಿ ನೋಡಿದನೋ ಇಲ್ಲವೋ ಅಂತ ಅವ್ವನನ್ನು ಎಷ್ಟೋ ಸಲ ಕೇಳಿದ್ದೇನೆ. ಒಂದೊಂದು ಸಲ ನೋಡಿದ ಅನ್ನುತ್ತಿದ್ದಳು, ಒಂದೊಂದು ಸಲ ಇಲ್ಲ ಅನ್ನುತ್ತಿದ್ದಳು.

ಮೊದಲು ಕರೆದು, ಆಮೇಲೆ ಕರೆದಿಲ್ಲ ಅಂದು, ಕೊನೆಗೆ ಕಳ್ಳಮಾಲನ್ನು ಬುತ್ತಿ ಅಂತ ದಾಟಿಸಿದ ಪರಮೇಶಣ್ಣ ಕಾನೂನು ಪಾಲಿಸಿದ್ದು ಈ ಮೂರರಲ್ಲಿ ಯಾವಾಗ? ಮಿಲ್ಲೇ ಕೂಗಿ ಕರೆದ ಮೇಲೆ ಒಳಗೆ ಬಂದ ನಮ್ಮವ್ವ ಹೊರಗಿನವಳು ಹೇಗೆ? ನನಗೆ ತಿಳಿಯುವುದಿಲ್ಲ. ನಿಮ್ಮ ಕಡೆಯೂ ಹೀಗೆ ನಡೆದಿರಬಹುದು, ಒಂದು ಮುಚ್ಚಿದ ಮಿಲ್ಲೋ, ಸಕ್ಕರೆ ಕಾರ್ಖಾನೆಯೋ, ಟಾಕೀಸೋ. ಅದರೊಳಗೆ ಯಾಕೆ ಹೋದಿರಿ, ಯಾರು ಬಿಟ್ಟರು, ಹೊರಗೆ ಬರುವಾಗ ಕಂಕುಳಲ್ಲಿ ಏನಿತ್ತು, ಕೆಳಗೆ ಕಾಮೆಂಟಿನಲ್ಲಿ ಬರೆಯಿರಿ. ಉದ್ದವಾದರೂ ಪರವಾಗಿಲ್ಲ, ನಾನು ಎಲ್ಲವನ್ನೂ ಓದುತ್ತೇನೆ. ಕಾನೂನು ಬಲ್ಲವರು ಆಮೇಲೆ ಬನ್ನಿ. ಮೊದಲು ಒಳಗಿದ್ದವರು ಬರೆಯಲಿ.